ಪಾರ್ಕಿಂಗ್ ಜಾಗದ ಹಾಯಿದೋಣಿ

ಅಪ್ಪಾ,

ಮೊದಲು ಕ್ಷಮಿಸು. ಹೀಗೆ ಬರೆಯುವುದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಹೋದವರನ್ನು ಪದೇ ಪದೇ ಕರೆಯಬಾರದು, ಅಲ್ಲಿ ಅವರಿಗೆ ನೆಮ್ಮದಿ ಇರುವುದಿಲ್ಲ ಎಂದು ಮೈಸೂರಿನಿಂದ ಅಜ್ಜಿ ಫೋನಿನಲ್ಲಿ ಹೇಳಿದಳು. ನಾನು ಕರೆಯುತ್ತಿಲ್ಲ. ಹಾಸ್ಟೆಲ್ಲಿನಲ್ಲೇ ಇದ್ದೇನೆ, ಅಲ್ಲಿಂದಲೇ ಒಂದು ಕಾಗದ ಹಾಕಿದ್ದೇನೆ ಎಂದುಕೋ. ಕಾಗುಣಿತ ತಪ್ಪಿದ್ದರೆ ಅದಕ್ಕೂ ಸಾರಿ. ನನ್ನ ಭಾಷೆ ನಿನಗೆ ಗೊತ್ತೇ ಇದೆಯಲ್ಲ, ಅರ್ಧ ಬೋರ್ಡಿಂಗ್ ಸ್ಕೂಲಿನ ಇಂಗ್ಲಿಷು, ಇನ್ನರ್ಧ ನೀನು ವಾರವಾರ ಬರೆಯುತ್ತಿದ್ದ ಕಾಗದಗಳಿಂದ ಕಲಿತದ್ದು. ಡಿಲೀಟ್ ಮಾಡಿ ಮಾಡಿ ಕಡೆಗೆ ಪೆನ್ನು ತೆಗೆದುಕೊಂಡೆ. ವಿಷಯ ಇಷ್ಟು: ದೋಣಿಯನ್ನು ಮಾರುವ ಮಾತು ನಡೆದಿತ್ತು. ಇಟ್ಟುಕೊಳ್ಳುವುದೋ ಕೊಟ್ಟುಬಿಡುವುದೋ ಎಂದು ಹೇಳಬೇಕಾಗಿದ್ದವಳು ನಾನು. ನನಗೆ ಕ್ಯಾಂಟೀನಿನಲ್ಲಿ ಚಹಾನೋ ಕಾಫಿಯೋ ಎಂದು ಕೇಳಿದರೇ ಎದೆ ಹೊಡೆದುಕೊಳ್ಳುತ್ತದೆ!

ಅದನ್ನು ಕೊಂಡ ದಿನ ನೀನು ಹಾಸ್ಟೆಲ್ಲಿಗೆ ಫೋನ್ ಮಾಡಿದ್ದು ನೆನಪಿದೆಯಾ? "ಚಿನ್ನಿ, ಒಂದು ಗಾಡಿ ತಗೊಂಡೆ" ಎಂದೆ. ಯಾವ ಕಾರು ಎಂದು ಕೇಳಿದೆ. "ಕಾರಲ್ಲ. ಎಂಜಿನ್ ಇಲ್ಲ." ಹಾಗಾದರೆ ಸೈಕಲ್ಲಾ? "ಅಲ್ವೇ ಅಲ್ಲ. ಮೇಲೆ ಬಟ್ಟೆ ಕಟ್ಟಿದ್ರೆ ಹೋಗುತ್ತೆ." ಫೋನಿನ ಸರತಿಯಲ್ಲಿ ಹಿಂದೆ ನಿಂತ ಹುಡುಗಿಯರಿಗೆಲ್ಲ ನನ್ನ ಅಪ್ಪ ಎತ್ತಿನ ಗಾಡಿ ಕೊಂಡಿರಬೇಕು ಎಂದು ಹೇಳಿದ್ದೆ. ಮೈಸೂರಿನ ರಾಯರ ಮಗ, ಹತ್ತಿರದಲ್ಲಿ ಕಂಡ ನೀರೆಂದರೆ ಕಾರಂಜಿ ಕೆರೆ, ಅಂಧೇರಿಯ ಆಫೀಸಿನಲ್ಲಿ ಎಸಿ ಕೆಳಗೆ ಕೂರುವವನು, ಅಂಥವನು ಸೆಕೆಂಡ್ ಹ್ಯಾಂಡ್ ಹಾಯಿದೋಣಿ ಕೊಳ್ಳುತ್ತಾನೆಂದು ಯಾರು ತಾನೇ ಊಹಿಸುತ್ತಾರೆ? ರಜೆಗೆ ಬಂದು ನೋಡಿದರೆ ಸಯನ್ನಿನ ನಮ್ಮ ಬಿಲ್ಡಿಂಗಿನ ಕೆಳಗೆ, ಎರಡು ಕಾರುಗಳ ನಡುವೆ, ಚಕ್ರದ ಟ್ರೇಲರ್ ಮೇಲೆ ಬಿಳಿ ದೋಣಿ ಕೂತಿತ್ತು. ಒಳಗೆ ಪುಟ್ಟ ಕ್ಯಾಬಿನ್. ಮೊಣಕಾಲು ಮಡಚಿದರೆ ಇಬ್ಬರು ಮಲಗಬಹುದು. ನೀನು ಆಗಲೇ ಮಡಚಿ ಮಲಗಿ ತೋರಿಸಿದೆ.

ಸೊಸೈಟಿ ಸೆಕ್ರೆಟರಿ ಜೋಶಿ ಕಾಕಾ ಮೊದಲ ವಾರವೇ ಬಂದು, ಪಾರ್ಕಿಂಗ್ ಇರುವುದು ಗಾಡಿಗಳಿಗೆ ಎಂದರಂತೆ. "ರಾವ್ ಸಾಬ್, ಪಾರ್ಕಿಂಗ್ ಗಾಡೀ ಕೇ ಲಿಯೇ ಹೈ." ನೀನು ಬಗ್ಗಿ ಟ್ರೇಲರಿನ ಟೈರು ತಟ್ಟಿ, "ಪಹಿಯಾ ಹೈ ನಾ", ಚಕ್ರ ಇದೆಯಲ್ಲ, ಎಂದೆಯಂತೆ. "ಪಹಿಯಾ ತೋ ವಡಾಪಾವ್ ಕೇ ಠೇಲೇ ಕೋ ಭೀ ಹೈ! ಕಲ್ ವೋ ಭೀ ಲಾಕೇ ರಖೋಗೇ?" ವಡಾಪಾವ್ ಗಾಡಿ ತಂದಿಟ್ಟರೆ ಬಿಲ್ಡಿಂಗಿಗೇ ಲಾಭ ಎಂದು ನೀನು ಹೇಳಿದ್ದಕ್ಕೆ ಅವರು ನಕ್ಕುಬಿಟ್ಟರು, ವಿಷಯ ಅಲ್ಲಿಗೆ ನಿಂತಿತು. ಆಮೇಲೆ ನಾವಿಬ್ಬರೂ ದೋಣಿಯ ಕಂಬ ಎತ್ತುವುದನ್ನು ಅಲ್ಲೇ ಪ್ರಾಕ್ಟೀಸ್ ಮಾಡಿದೆವಲ್ಲ. ನೀನು ಹೆಗಲು ಕೊಟ್ಟು ನೂಕುವುದು, ನಾನು ಮುಂದಿನಿಂದ ಹಗ್ಗ ಎಳೆಯುವುದು. ಕಂಬದ ತುದಿ ಮೊದಲ ಮಹಡಿಯ ಬಟ್ಟೆ ಒಣಹಾಕುವ ತಂತಿಗೆ ಸಿಕ್ಕಿ, ಕಾಕಾರ ಹೆಂಡತಿ ಜೋಶಿ ಕಾಕೂ ಅವರ ಒದ್ದೆ ಸೀರೆ ನಮ್ಮ ಮೇಲೆ ಬಿತ್ತು. ಮೇಲಿನ ಕಿಟಕಿಯಿಂದ ಅಮ್ಮ, "ಏನ್ರೀ, ಸಮುದ್ರ ದಾಟಿದ್ದು ಸಾಕು, ಸಾರು ಆರ್ತಿದೆ" ಎಂದಳು. ಸೀರೆಯೊಳಗಿನಿಂದ ನಿನ್ನ ನಗು ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಈಗಲೂ ಒಮ್ಮೊಮ್ಮೆ ಹಾಗೇ...

ದಸರಾ ರಜೆಯ ಆ ಭಾನುವಾರವನ್ನು ನಿನಗೆ ನೆನಪಿಸಬೇಕಾಗಿಯೇ ಇಲ್ಲ. ಆದರೂ ಬರೆಯುತ್ತೇನೆ, ಬರೆದಷ್ಟು ಹೊತ್ತು ಅಲ್ಲೇ ಇರಬಹುದಲ್ಲ. ಪರೇಲಿನಲ್ಲಿ ಹೋಟೆಲ್ ನಡೆಸುವ ನಿನ್ನ ಸ್ನೇಹಿತ ಶೆಟ್ಟಿ ಅಂಕಲ್ ತರಕಾರಿ ತರುವ ಟೆಂಪೋಕ್ಕೇ ಕೊಕ್ಕೆ ಹಾಕಿ ದೋಣಿಯನ್ನು ಕಡಲ ದಡದ ಮಾರ್ವೆಗೆ ಎಳೆದು ತಂದಿದ್ದರು. ಅಲ್ಲಿ ಸಮುದ್ರ ಒಳಗೆ ಚಾಚಿಕೊಂಡ ಖಾರಿಯ ಇಳಿಜಾರಿನಿಂದ ನೀರಿಗಿಳಿಸಿ, ಸಮುದ್ರದ ಬಾಯಿಯವರೆಗೆ ಹೋಗಿ ಬರುವುದು ಎಂದು ಪ್ಲಾನ್. ಉಬ್ಬರ ಇಳಿತದ ಹೊತ್ತನ್ನು ಫೋನಿನಲ್ಲಿ ನೋಡೋಣ ಎಂದರೆ ನೀನು ಕೇಳಲಿಲ್ಲ. ತಿಥಿಯನ್ನು ಮುಕ್ಕಾಲಿನಿಂದ ಗುಣಿಸಿದರೆ ಉಬ್ಬರದ ಗಂಟೆ ಬರುತ್ತದೆ ಎಂದು ಅಲ್ಲಿನ ಮೀನುಗಾರರಿಂದ ಕಲಿತಿದ್ದೆ. "ಫೋನು ನೀರಿಗೆ ಬಿದ್ರೆ ಚಂದ್ರನೂ ಬೀಳ್ತಾನಾ?" ಎಂದು ನನ್ನನ್ನೇ ಕೇಳಿದೆ. ಅಮ್ಮ ಅಂದು ಉಪವಾಸ, ನೀರೂ ಕುಡಿಯುವಂತಿಲ್ಲ. ಆದರೂ ನಾನು ರಜೆ ಮುಗಿಸಿ ಹೊರಡುತ್ತೇನೆಂದು ಬಂದಿದ್ದಳು. ಅಮ್ಮನ ಉಪವಾಸ ಎಂದರೆ ಏಕಾದಶಿ, ಏಕಾದಶಿ ಎಂದರೆ ಹನ್ನೊಂದು, ಲೆಕ್ಕ ಮುಗಿಯಿತು. ಸರಿ ತಾನೇ?

ಹೋಗುವಾಗ ಎಲ್ಲ ಚೆನ್ನಾಗಿತ್ತು. ಹಾಯಿ ತುಂಬಿಕೊಂಡಾಗ ಸದ್ದೇ ಇರಲಿಲ್ಲ. ಚುಕ್ಕಾಣಿಯನ್ನು ನನ್ನ ಕೈಗೆ ಕೊಟ್ಟು ನೀನು ಸುಮ್ಮನೆ ಮುಂದೆ ನೋಡುತ್ತ ಕುಳಿತೆ. ಏನೂ ಹೇಳಿಕೊಡಲಿಲ್ಲ. ಹಾಸ್ಟೆಲ್ಲಿನಲ್ಲಿ ಇಡೀ ದಿನ ಯಾರಾದರೂ ಏನಾದರೂ ಹೇಳಿಕೊಡುತ್ತಲೇ ಇರುತ್ತಿದ್ದರು, ಗಂಟೆ ಹೊಡೆಯುತ್ತಲೇ ಇರುತ್ತಿತ್ತು. ಅಂದು ಮೊದಲ ಬಾರಿಗೆ ಮುಂದಿನ ಗಂಟೆ ಯಾವಾಗ ಎಂದು ನಾನು ಕಾಯಲಿಲ್ಲ. ತಿರುಗಿ ಬರುವಾಗ, "ಇಳಿತ ಮುಗೀತು, ಇನ್ನು ನೀರು ಏರೋದೇ" ಎಂದು ನೀನು ಧೈರ್ಯವಾಗಿ ಖಾರಿಯೊಳಗೆ ನುಗ್ಗಿಸಿದೆ. ದೋಣಿ ಒಮ್ಮೆ ನಿಟ್ಟುಸಿರು ಬಿಟ್ಟ ಹಾಗೆ ನಿಂತಿತು. ಕೆಳಗೆ ಕೆಸರು. ನೀರು ಏರಲಿಲ್ಲ, ಇನ್ನೂ ಇಳಿಯುತ್ತಲೇ ಇತ್ತು. ನೋಡ ನೋಡುತ್ತಿದ್ದಂತೆ ಸುತ್ತಲೂ ಬರೀ ಕಪ್ಪು ಕೆಸರು, ಅದರ ಮೇಲೆ ಓಡಾಡುವ ಏಡಿಗಳು, ನಡುವೆ ನಾವು ನಾಲ್ವರು.

ನೀನು ಬೆರಳು ಮಡಿಸಿ ಮತ್ತೆ ಲೆಕ್ಕ ಹಾಕಿದೆ. "ಹನ್ನೊಂದೇ ಅಲ್ವೇನೇ ಇವತ್ತು?" ಎಂದು ಅಮ್ಮನನ್ನು ಕೇಳಿದೆ. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಉಪವಾಸ ಇವತ್ತು. ತಿಥಿ ನಿನ್ನೇನೇ ಬಂದಿತ್ತು, ಇವತ್ತು ದ್ವಾದಶಿ. ದಶಮಿ ಸೋಂಕಿತ್ತು ಅಂತ ನಮಗೆ ಮಾರನೇ ದಿನ. ಬೇರೆಯವರೆಲ್ಲ ನಿನ್ನೇನೇ ಮಾಡಿದ್ರು. ಮನೇಲೇ ಇದ್ರಲ್ಲ, ಕೇಳಬಾರದಿತ್ತಾ?" ಎಂದಳು. ಹನ್ನೊಂದಲ್ಲ ಹನ್ನೆರಡು, ಅಂದರೆ ನೀರು ತಿರುಗುವುದು ಮುಕ್ಕಾಲು ಗಂಟೆ ತಡ. ಶೆಟ್ಟಿ ಅಂಕಲ್ ತಲೆಯ ಮೇಲೆ ಕೈಯಿಟ್ಟುಕೊಂಡರು. "ಎಂಥ ರಾಯ್ರೇ ಇದು! ಸಮುದ್ರಕ್ಕೆ ನಿಮ್ಮ ಮಠದ ಪಂಚಾಂಗ ಗೊತ್ತುಂಟಾ ಮಾರಾಯ್ರೇ? ಚಂದ್ರ ಸ್ಮಾರ್ತನಾ ಮಾಧ್ವನಾ ಅಂತ ಮೊದ್ಲು ವಿಚಾರಿಸಿ ಬರ್ಬೇಕಿತ್ತು ನೀವು!"

ಬಿಸಿಲು ಹೇಗಿತ್ತು! ನೀನು ಹಾಯಿಯನ್ನು ಇಳಿಸಿ ಅಮ್ಮನ ತಲೆಯ ಮೇಲೆ ಚಪ್ಪರದ ಹಾಗೆ ಕಟ್ಟಿದೆ. ಆಚೆ ದಡದ ಮನೋರಿಗೆ ಹೋಗುವ ಫೆರಿ ಖಾರಿಯ ನಡುವೆ ಆಳ ಇದ್ದ ಕಡೆಯಲ್ಲಿ ಹಾದುಹೋಯಿತು. ಅದರಲ್ಲಿದ್ದವರೆಲ್ಲ ಒಂದೇ ಕಡೆಗೆ ಬಂದು ನಮ್ಮನ್ನು ನೋಡಿದರು. "ಕಾಯ್ ಝಾಲಂ?" ಏನಾಯಿತು ಎಂದು ಒಬ್ಬರು ಕೂಗಿದರು. ನೀನು ಕೈ ಬೀಸಿ "ಪಿಕ್‌ನಿಕ್!" ಎಂದೆ. ಆಗಲೇ ಅಮ್ಮ ನಕ್ಕಿದ್ದು. ತುಟಿ ಒಣಗಿ ಹೋಗಿತ್ತು, ಆದರೂ ನಕ್ಕಳು. ನೀನು ಬಾಟಲಿಯ ನೀರನ್ನೆಲ್ಲ ನನಗೂ ಅಂಕಲ್‌ಗೂ ಕೊಟ್ಟು, ನೀನು ಮಾತ್ರ ಬಾಯಾರಿಕೆಯಿಲ್ಲ ಎಂದೆ. ನಿನಗೆ ಬಾಯಾರಿಕೆಯಿಲ್ಲವಾ? ಇಡ್ಲಿ ತಿಂದರೂ ಎರಡು ಲೋಟ ನೀರು ಕುಡಿಯುವವನು ನೀನು. ಅಮ್ಮ ಅದನ್ನು ನೋಡಿದಳು. ಕೆಸರಿನ ಮೇಲೆ ಮೆಲ್ಲನೆ ನೀರು ಹರಿದು ಬಂದು ದೋಣಿ ಅಲುಗಾಡಿದಾಗ ನಾಲ್ವರೂ ಒಟ್ಟಿಗೆ ಕೂಗಿದ್ದೆವು. ದೋಣಿಗೆ 'ಏಕಾದಶಿ' ಎಂದು ಹೆಸರಿಟ್ಟವರು ಶೆಟ್ಟಿ ಅಂಕಲ್. ನೀನು ನಿಜವಾಗಿಯೂ ಅದನ್ನು ಬರೆಸಿಯೇಬಿಟ್ಟೆ.

ಹಾಸ್ಟೆಲ್ಲಿಗೆ ಬಿಡಲು ಬಂದಾಗ ಸ್ಟೇಷನ್ನಿನಲ್ಲಿ ನೀನು ಹೇಳಿದ ಮಾತು ನನ್ನ ಹತ್ತಿರ ಹಾಗೇ ಇದೆ. "ಈ ಒಂದು ವರ್ಷ ಮುಗಿಸ್ಕೊಂಡು ಬಾ ಚಿನ್ನಿ. ಕಾಲೇಜು ಇಲ್ಲೇ. ಆಮೇಲೆ ಶನಿವಾರ ಭಾನುವಾರ ಎಲ್ಲಾ ನಮ್ಮದೇ." ಶನಿವಾರ ರಾತ್ರಿ ಮನೋರಿಯ ಹತ್ತಿರ ಲಂಗರು ಹಾಕಿ ಕ್ಯಾಬಿನ್ನಿನಲ್ಲೇ ಮಲಗುವುದು, ಸ್ಟವ್ ಹಚ್ಚಿ ಉಪ್ಪಿಟ್ಟು ಮಾಡುವುದು, ಸೋಮವಾರ ನೀನು ಆಫೀಸಿಗೆ, ನಾನು ಕ್ಲಾಸಿಗೆ. ನನಗೆ ಶನಿವಾರ ಎಂದರೆ ಯೂನಿಫಾರ್ಮ್ ಒಗೆಯುವ ದಿನವಾಗಿತ್ತು ಅಪ್ಪಾ. ವೀಕೆಂಡ್ ಎನ್ನುವುದು ಹೊರಗಿನವರಿಗೆ ಇರುವ ಸಂಗತಿ. ಅದು ನನಗೂ ಬರುತ್ತದೆ ಎಂದು ಕಾಯುತ್ತಿದ್ದೆ. ಫೆಬ್ರವರಿಯ ಒಂದು ಬೆಳಿಗ್ಗೆ ಸ್ಟಡಿ ಅವರ್‌ನಲ್ಲಿ ವಾರ್ಡನ್ ಮೇಡಂ ಬಾಗಿಲಲ್ಲಿ ನಿಂತು ನನ್ನ ಹೆಸರು ಕರೆದರು. ಅವರು ಯಾವತ್ತೂ ಮೆತ್ತಗೆ ಕರೆದವರಲ್ಲ. ಅಂದು ಮೆತ್ತಗೆ...

ಈಗ ಕಾಲೇಜಿಗೆ ನಾನು ನೀನು ಇಳಿಯುತ್ತಿದ್ದ ಅಂಧೇರಿಯಲ್ಲೇ ಇಳಿಯುತ್ತೇನೆ. ಸಯನ್ನಿನಿಂದ ದಾದರ್, ಅಲ್ಲಿ ಸೇತುವೆ ಹತ್ತಿ ಇನ್ನೊಂದು ಲೋಕಲ್. ಆ ಸೇತುವೆಯ ಮೇಲೆ ನೀಲಿ ಶರ್ಟಿನ ಬೆನ್ನು ಕಂಡರೆ ಈಗಲೂ ಕಾಲು ಬೇಗ ಬೇಗ ಹೋಗುತ್ತದೆ. ಮುಂಬೈಯಲ್ಲಿ ಎಷ್ಟು ಜನ ನೀಲಿ ಶರ್ಟು ಹಾಕುತ್ತಾರೆ! ಕಾಲೇಜಿನಲ್ಲಿ ಅಟೆಂಡೆನ್ಸ್ ಹೇಳುವಾಗ ನನ್ನ ದನಿ ಹೊರಗೆ ಬರುವುದಿಲ್ಲ, ಎರಡು ಸಲ ಆಬ್ಸೆಂಟ್ ಹಾಕಿದರು. ಗೆಳತಿಯರು ಇದ್ದಾರೆ, ಒಳ್ಳೆಯವರು. ಶುಕ್ರವಾರ ಬಂತೆಂದರೆ "ವೀಕೆಂಡ್ ಕಾ ಕ್ಯಾ ಪ್ಲಾನ್ ಹೈ?" ಎಂದು ಕೇಳುತ್ತಾರೆ. ನಥಿಂಗ್ ಎನ್ನುತ್ತೇನೆ. ಮನೆಗೆ ಬಂದು ಪಾರ್ಕಿಂಗ್‌ನಲ್ಲಿ ದೋಣಿಯ ಹೊದಿಕೆಯನ್ನು ಸ್ವಲ್ಪ ಸರಿಸಿ ಒಳಗೆ ಕೂರುತ್ತೇನೆ. ಅಲ್ಲಿ ಇನ್ನೂ ನಿನ್ನ ವಾಸನೆ ಇದೆಯಾ, ಬರೀ ಫೈಬರ್ ವಾಸನೆಯಾ, ಈಗ ಗೊತ್ತಾಗುತ್ತಿಲ್ಲ.

ದೀಪಾವಳಿ ಆದ ಮೇಲೆ ಜೋಶಿ ಕಾಕಾ ಮನೆಗೆ ಬಂದರು. ಸೋಫಾದ ತುದಿಯಲ್ಲಿ ಕುಳಿತರು, ಕಾಫಿ ಆರಿದರೂ ಕುಡಿಯಲಿಲ್ಲ. "ಬೇಟಾ, ಮೀಟಿಂಗ್ ಮೇಂ ಸಬ್ ಬೋಲೇ. ಚಲ್ತೀ ಹುಯೀ ಚೀಜ್ ಹೋ ತೋ ರಖೋ. ಖಡೀ ಹೈ ತೋ..." ಓಡಾಡುವ ವಸ್ತುವಾದರೆ ಇರಲಿ, ನಿಂತೇ ಇರುವುದಾದರೆ ತಿಂಗಳ ಕೊನೆಯೊಳಗೆ ಜಾಗ ಖಾಲಿ ಮಾಡಬೇಕು. ನಾನು ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಹೊರಡುವಾಗ ಅವರು ಕೆಳಗೆ ದೋಣಿಯ ಹತ್ತಿರ ನಿಂತು, ನೀನು ತಟ್ಟಿದ್ದ ಅದೇ ಟೈರನ್ನು ಕಾಲಿನಿಂದ ಒತ್ತಿ ನೋಡಿದರು. ಗಾಳಿ ಇಳಿದಿತ್ತು.

ಶೆಟ್ಟಿ ಅಂಕಲ್ ಪುಣೆಯ ಕಡೆಯ ಒಬ್ಬರನ್ನು ಕರೆತಂದರು. ಅಲ್ಲಿನ ಕೆರೆಯೊಂದರಲ್ಲಿ ದೋಣಿ ನಡೆಸುತ್ತಾರಂತೆ, ಇದನ್ನು ಕೊಳ್ಳಲು ನೋಡುತ್ತಿದ್ದರು. "ನಾನು ಒತ್ತಾಯ ಮಾಡುದಿಲ್ಲ ಅಕ್ಕ" ಎಂದು ಅಮ್ಮನಿಗೆ ಹೇಳಿದರು. "ಮಾರುದಾದ್ರೆ ಇವರು ಒಳ್ಳೆ ಜನ. ಇಡುದಾದ್ರೆ ಟೆಂಪೋ ನಂದು, ನಾನೂ ಬರ್ತೇನೆ. ಎರಡೂ ಇಲ್ಲದೆ ಹೀಗೇ ಇಟ್ರೆ ಅದು ತುಳಸಿ ನೆಡುವ ಕುಂಡ ಆಗ್ತದೆ ನೋಡಿ." ಬಂದವರು ಕಂಬ ಎತ್ತಿ ತೋರಿಸಿ ಎಂದರು. ಅಂಕಲ್ ಹೆಗಲು ಕೊಟ್ಟರು, ನಾನು ಹಗ್ಗ ಹಿಡಿದೆ. ಅರ್ಧಕ್ಕೆ ಬಂದಾಗ ಹಗ್ಗ ನನ್ನ ಕೈಯಿಂದ ಜಾರತೊಡಗಿತು. ಹಿಂದಿನಿಂದ ಇನ್ನೆರಡು ಕೈ ಬಂದು ಹಗ್ಗ ಹಿಡಿದವು. ಬಳೆಯ ಸದ್ದಿಗೆ ಗೊತ್ತಾಯಿತು, ಅಮ್ಮ. ಯಾವಾಗ ಇಳಿದು ಬಂದಿದ್ದಳೋ! ಕಂಬ ನೆಟ್ಟಗೆ ನಿಂತಿತು. ಬಂದವರಿಗೆ ದೋಣಿ ಬಹಳ ಹಿಡಿಸಿತು. ಶನಿವಾರದೊಳಗೆ ಹೇಳಿ ಎಂದು ಹೋದರು. ಅಮ್ಮ ನನಗೆ, "ನೀನೇ ಹೇಳು ಚಿನ್ನಿ" ಎಂದಳು. "ನಿನಗೆ ಹೇಗೆ ಅನ್ಸುತ್ತೋ ಹಾಗೆ" ಎಂದೆ ನಾನು. ಕೆಸರಿನ ಆ ದಿನದ ಮೇಲೆ ಅಮ್ಮ ದೋಣಿ ಹತ್ತಿದ್ದೇ ಇಲ್ಲ. ಅವಳಿಗೆ ಅದು ಕಣ್ಣ ಮುಂದಿನಿಂದ ಹೋದರೆ ಸಾಕಾಗಿರಬೇಕು ಎಂದುಕೊಂಡೆ. ಹೂಂ ಎಂದುಬಿಡೋಣ ಎಂದು ಫೋನು ಕೈಯಲ್ಲಿ ಹಿಡಿದಿದ್ದೆ. ಎರಡು ದಿನ ಹಿಡಿದೇ ಇದ್ದೆ.

ಮೊನ್ನೆ ಗುರುವಾರ ಬೆಳಗಿನ ಲೆಕ್ಚರ್ ಕ್ಯಾನ್ಸಲ್ ಆಗಿ ಬೇಗ ಮನೆಗೆ ಬಂದೆ. ಬಾಲ್ಕನಿಯ ತಂತಿಯ ಮೇಲೆ, ಸೀರೆಯ ಹಿಂದೆ ಅಡಗಿಸಿ, ಮೊಣಕಾಲಿನವರೆಗೆ ಬರುವ ಕಪ್ಪು ಬಟ್ಟೆಯೊಂದು ನೀರು ಸೋರಿಸುತ್ತಿತ್ತು. ಪಕ್ಕದಲ್ಲಿ ರಬ್ಬರ್ ಟೋಪಿ. "ಇದ್ಯಾರ್ದಮ್ಮ?" ಎಂದೆ.

"ನಂದೇ. ಇನ್ಯಾರ್ದು, ಜೋಶಿಯವರದ್ದಾ?"

ದಿನಾ ಬೆಳಿಗ್ಗೆ ವಾಕಿಂಗ್ ಎಂದು ಹೋಗುತ್ತಿದ್ದವಳು ಮುನಿಸಿಪಾಲಿಟಿಯ ಈಜುಕೊಳಕ್ಕೆ ಹೋಗುತ್ತಿದ್ದಳು! ಲೇಡೀಸ್ ಬ್ಯಾಚಂತೆ. ಕೋಚ್ ಮರಾಠಿಯಲ್ಲಿ ಬೈಯುತ್ತಾಳಂತೆ, ಅಮ್ಮ ಕನ್ನಡದಲ್ಲಿ ತಿರುಗಿ ಬೈಯುತ್ತಾಳಂತೆ. ಕೊಳದ ಅಗಲವನ್ನು ಹಿಡಿದುಕೊಳ್ಳದೆ ದಾಟುತ್ತಾಳೆ. ನೀರಿನೊಳಗೆ ಕಣ್ಣು ಬಿಡಲು ಮಾತ್ರ ಇನ್ನೂ ಹೆದರಿಕೆ.

"ಯಾಕಮ್ಮ ಹೇಳಲಿಲ್ಲ?"

"ಈಜು ಬಂದ್ರೆ ಹೇಳೋಣ ಅಂತ. ಬರದಿದ್ರೆ ನಗ್ತೀಯಲ್ಲ." ಬಟ್ಟೆಯನ್ನು ಹಿಂಡುತ್ತಾ ಆ ಕಡೆ ತಿರುಗಿದಳು. "ದೋಣಿ ಇಟ್ಕೊಂಡ ಮೇಲೆ ಮನೇಲಿ ಒಬ್ಬರಿಗಾದ್ರೂ ಈಜು ಬರಬೇಡ್ವೇನೇ? ಅವತ್ತು ಕೆಸರಲ್ಲಿ ನನಗೆ ಭಯ ಆಗ್ಲೇ ಇಲ್ಲ. ಅವರಿದ್ರಲ್ಲ. ಈಗ ನಿನ್ನ ಜೊತೆ ಹೋಗೋಳು ನಾನು."

"ನೀನು ಮಾರ್ಬೇಕು ಅಂತಿದ್ದೀಯ ಅಂದ್ಕೊಂಡೆ."

"ನಿನಗೆ ಬೇಡವೇನೋ ಅಂತ ನಾನು ಸುಮ್ನಿದ್ದೆ. ಬಾಯಿ ಬಿಟ್ಟು ಹೇಳಿದ್ರೆ ತಾನೇ ಗೊತ್ತಾಗೋದು. ಅಪ್ಪನ ಮಗಳು, ಏನೂ ಹೇಳೋದಿಲ್ಲ."

ಇದು ನಿನಗೆ ಗೊತ್ತಿಲ್ಲದ ಸುದ್ದಿ. ನಿನ್ನ ಹೆಂಡತಿಗೆ ಈಜು ಬರುತ್ತದೆ ಅಪ್ಪಾ! ಪುಣೆಯವರಿಗೆ ಫೋನ್ ಮಾಡಿ ಕೊಡುವುದಿಲ್ಲ ಎಂದು ನಾನೇ ಹೇಳಿದೆ, ದನಿ ಹೊರಗೆ ಬಂತು. ಜೋಶಿ ಕಾಕಾಗೆ ಹೇಳಿದ್ದಕ್ಕೆ "ತೋ ಫಿರ್ ಚಲಾಕೇ ದಿಖಾವ್", ಹಾಗಾದರೆ ಓಡಿಸಿ ತೋರಿಸು ಎಂದರು, ಸಾಯಂಕಾಲ ಟೈರಿಗೆ ಗಾಳಿ ಹಾಕಲು ತಾವೇ ಪಂಪ್ ಹಿಡಿದು ಬಂದರು. ಬರುವ ಭಾನುವಾರ ಬೆಳಿಗ್ಗೆ ಶೆಟ್ಟಿ ಅಂಕಲ್ ಟೆಂಪೋ ತರುತ್ತಾರೆ. ನಾವು ಮೂವರು ಮಾರ್ವೆಗೆ ಹೋಗುತ್ತೇವೆ. ಎಲ್ಲ ತೀರ್ಮಾನವಾಗಿದೆ. ಹಾಗಾದರೆ ನಾನು ಈ ಕಾಗದ ಯಾಕೆ ಬರೆಯುತ್ತಿದ್ದೇನೆ?

ಭಯಕ್ಕೆ ಬರೆಯುತ್ತಿದ್ದೇನೆ. ಮುಳುಗುವ ಭಯ ಅಲ್ಲ. ಒಂದು ವೇಳೆ ಎಲ್ಲ ಚೆನ್ನಾಗಿಯೇ ಹೋಗಿಬಿಟ್ಟರೆ? ನೀನಿಲ್ಲದೆಯೂ ಗಾಳಿ ಬೀಸಿ, ಹಾಯಿ ತುಂಬಿಕೊಂಡು, ಅಮ್ಮ ಏನೋ ಹೇಳಿ, ನಾನು ನಕ್ಕು, ಸ್ವಲ್ಪ ಹೊತ್ತು, ಸ್ವಲ್ಪವೇ ಹೊತ್ತು, ನಿನ್ನ ನೆನಪೇ ಬರದೆ ಹೋದರೆ? ಆ ಶನಿವಾರ ಭಾನುವಾರಗಳು ನಮ್ಮದೇ ಎಂದು ನೀನು ಹೇಳಿದಾಗ ಆ 'ನಮ್ಮ'ದರಲ್ಲಿ ಮೊದಲು ಇದ್ದವನು ನೀನು. ನೀನಿಲ್ಲದೆ ನಾವು ಹೋಗಬಹುದಾ? ಹೋಗಿ ಖುಷಿಯಾಗಿ ಬರಬಹುದಾ? ಅಮ್ಮನನ್ನು ಕೇಳುವ ಧೈರ್ಯ ನನಗಿಲ್ಲ. ಅವಳೂ ಇದನ್ನೇ ಯೋಚಿಸುತ್ತಿರಬಹುದು.

ಉದ್ದ ಬೇಡ. ಹೋಗಿ ಬನ್ನಿ ಎಂದು ಒಂದೇ ಸಾಲು ಸಾಕು. ಭಾನುವಾರಕ್ಕೆ ಮುಂಚೆ ಉತ್ತರ ಬರಿ, ಅಪ್ಪಾ. ಬೇಗ ಬರಿ.

ನಿನ್ನ,
ಚಿನ್ನಿ